ಬೆಲ್ ಒತ್ತಬ್ಯಾಡ್ರಿ

ಕಾಮೋಠೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ ಒಂದು ದಿಕ್ಕಿಗೆ ಸಯನ್-ಪನ್ವೇಲ್ ಹೆದ್ದಾರಿಯ ದೀಪಗಳು, ಇನ್ನೊಂದು ದಿಕ್ಕಿಗೆ ಖಾಡಿಯ ಕತ್ತಲೆ. ಆ ಕತ್ತಲೆಯಾಚೆ ಗುಡ್ಡಗಳನ್ನು ಒಡೆದು, ಹೊಳೆಯ ಹರಿವನ್ನು ತಿರುಗಿಸಿ ಕಟ್ಟಿದ ಹೊಸ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡಿತು. ಮಾನಸರೋವರ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿಯ ಸದ್ದು ಕೇಳಿ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ನಮ್ಮಂಥವರ ಮಾತಿನೊಳಗೂ ಈಗ ವಿಮಾನ ಸೇರಿಕೊಂಡಿದೆ. ಧಾರವಾಡದಿಂದ ರಜೆಗೆ ಬಂದಿದ್ದ ತಮ್ಮನ ಮಗಳು ಒಂದು ಸಂಜೆ ಇದೇ ಮಾತಿನ ನಡುವೆ ಮೊಬೈಲನ್ನು ನಮ್ಮ ಮುಂದೆ ಹಿಡಿದು, "ದೊಡ್ಡಪ್ಪಾ, ವಿಮಾನದ ಆಟ ಆಡ್ತೀರೇನು?" ಎಂದು ಕೇಳಿದಳು.

ವಿಮಾನ ಹಾರಿಸುವ ಆಟವಿರಬೇಕೆಂದು ನಾವು ತಿಳಿದೆವು. ಅದು ಹಾರಿಸುವ ಆಟವಾಗಿರಲಿಲ್ಲ, ಬಿದ್ದ ವಿಮಾನದಿಂದ ಹೊರಗೆ ಬರುವ ಆಟ. ವಿಮಾನ ನೀರಿನ ಮೇಲಿಳಿದಿದೆ, ಒಳಗೆ ನೀರು ನುಗ್ಗುತ್ತಿದೆ, ಜನ ಎದ್ದು ನಿಂತಿದ್ದಾರೆ. ನಾವು ಜಾಣತನದಿಂದ ಮೊದಲು ಜೀವರಕ್ಷಕ ಜಾಕೀಟು ತೊಟ್ಟೆವು. ಕೂಡಲೇ ಅದರ ದಾರ ಎಳೆದು ಗಾಳಿ ತುಂಬಿಸಿದೆವು. ಬಾಗಿಲಿನ ದಾರಿಗೆ ಬರುವುದರೊಳಗೆ ಆಟ ಮುಗಿದಿತ್ತು. "ನೀವು ಸತ್ತಿರಿ ನೋಡ್ರಿ ದೊಡ್ಡಪ್ಪಾ! ದೊಡ್ಡಮ್ಮನೂ ಸತ್ಳು!" ಎಂದು ಹುಡುಗಿ ಚಪ್ಪಾಳೆ ತಟ್ಟಿ ನಕ್ಕಳು. ಗಾಳಿ ತುಂಬಿದ ಜಾಕೀಟು ತೊಟ್ಟವನನ್ನು ಒಳಗೆ ಏರುವ ನೀರು ಮೇಲಕ್ಕೆತ್ತಿ ಛಾವಣಿಗೆ ಒತ್ತಿ ಹಿಡಿಯುತ್ತದೆ; ಮುಳುಗಿ ಬಾಗಿಲು ದಾಟಲು ಅವನಿಗೆ ಆಗುವುದಿಲ್ಲ. ಹೊರಗೆ ಬಂದ ಮೇಲೆಯೇ ದಾರ ಎಳೆಯಬೇಕು. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನವೊಂದು ಕೊಮೊರೊಸ್ ದ್ವೀಪಗಳ ಬಳಿ ಕಡಲಿಗೆ ಬಿದ್ದಾಗ, ಬಿದ್ದ ಏಟಿಗೆ ಸಾಯದ ಅನೇಕರು ಹೀಗೆ ಒಳಗೇ ಜಾಕೀಟು ಉಬ್ಬಿಸಿಕೊಂಡು ಸಿಕ್ಕಿಬಿದ್ದು ಸತ್ತರೆಂಬುದನ್ನು ನಾವು ತಿಳಿದದ್ದು ಆಮೇಲೆ.

ಹತ್ತಾರು ಸಲ ವಿಮಾನದಲ್ಲಿ ಕುಳಿತಿದ್ದೇವೆ. ಗಗನಸಖಿಯರು ಪ್ರತಿ ಸಲವೂ ಇದನ್ನೇ ಹೇಳಿದ್ದರು. ಹುಡುಗಿಯೊಡನೆ ನಾವೂ ನಕ್ಕೆವು. ಆದರೆ ಆ ರಾತ್ರಿ ಮಲಗಿದಾಗ ಇಬ್ಬರಿಗೂ ನೆನಪಾದದ್ದು ವಿಮಾನವಲ್ಲ, ಮೂರು ಚಳಿಗಾಲಗಳ ಹಿಂದಿನ ಒಂದು ಬೆಳಗು.

ಆ ಬೆಳಗಿನ ಕಥೆಯನ್ನು ಈವರೆಗೆ ನಾವು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ನಾಚಿಕೆಯೇ ಅದಕ್ಕೆ ಕಾರಣ. ನಮ್ಮಿಬ್ಬರಲ್ಲಿ ಒಬ್ಬರು ಇಪ್ಪತ್ತೆರಡು ವರ್ಷ ತಳೋಜೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದವರು. ಇನ್ನೊಬ್ಬರು ಹೆಚ್ಚುಕಡಿಮೆ ಅಷ್ಟೇ ಕಾಲ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಅಡುಗೆ ಅನಿಲ ಗಾಳಿಗಿಂತ ಭಾರವೆಂದೂ, ಅದು ಸೋರಿದರೆ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆಂದೂ, ಗಾಳಿಯಲ್ಲಿ ಸುಮಾರು ಶೇಕಡಾ 2ರಿಂದ 9ರಷ್ಟು ಬೆರೆತಾಗ ಒಂದು ಕಿಡಿಗಾಗಿ ಕಾಯುತ್ತದೆಂದೂ, ತನ್ನದೇ ವಾಸನೆಯಿಲ್ಲದ ಅದಕ್ಕೆ ನಮ್ಮನ್ನು ಎಚ್ಚರಿಸಲೆಂದೇ ದುರ್ವಾಸನೆ ಬೆರೆಸುತ್ತಾರೆಂದೂ ನಮ್ಮಲ್ಲಿ ಒಬ್ಬರು ಕರಿಹಲಗೆಯ ಮೇಲೆ ಬರೆದಿದ್ದರು. ಇನ್ನೊಬ್ಬರು ಪ್ರತಿ ಮಾರ್ಚ್ ತಿಂಗಳಲ್ಲಿ ಎದೆಗೆ ಹಸಿರು ಬ್ಯಾಡ್ಜು ಚುಚ್ಚಿಕೊಂಡು, ಕೈ ಮುಂದೆ ಚಾಚಿ, ಸುರಕ್ಷತೆಯ ಪ್ರತಿಜ್ಞೆ ಮಾಡಿ, ತರಬೇತಿಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ದರು.

ಖಾಡಿಯ ಸೊಳ್ಳೆಗಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ ಮಲಗಿದ ರಾತ್ರಿಯದು. ಬೆಳಗಿನ ಐದರ ಸುಮಾರಿಗೆ ಇಬ್ಬರಿಗೂ ಎಚ್ಚರವಾಯಿತು. ಮನೆಯಲ್ಲಿ ವಾಸನೆ ತುಂಬಿತ್ತು. ಒಬ್ಬರು ಎದ್ದು ಅಡುಗೆಮನೆಗೆ ಹೋದರು. ಕತ್ತಲೆಯಲ್ಲಿ ಕೈ ತಾನಾಗಿ ಗೋಡೆಯ ಮೇಲೆ ಸರಿದು ದೀಪದ ಸ್ವಿಚ್ಚು ಹಾಕಿತು. ಆ ಕೈ ಯಾರದೆಂದು ಬರೆಯಬಾರದೆಂದು ನಮ್ಮೊಳಗೆ ಒಪ್ಪಂದವಾಗಿದೆ. ದೀಪ ಹತ್ತಿತು. ಮತ್ತೇನೂ ಆಗಲಿಲ್ಲ. ದೀಪದ ಬೆಳಕಿನಲ್ಲಿ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಆಗ ಇಬ್ಬರಿಗೂ ಒಟ್ಟಿಗೇ ನಾವು ಏನು ಮಾಡಿದೆವೆಂಬುದು ತಿಳಿಯಿತು. ಆರಿಸುವುದೂ ಹತ್ತಿಸಿದಷ್ಟೇ ಅಪಾಯವೆಂಬುದೂ ತಿಳಿಯಿತು. ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿದೆವು. ಕಿಟಕಿಗಳನ್ನು ತೆರೆಯತೊಡಗಿದೆವು.

ಅಷ್ಟರಲ್ಲಿ ಹೊರಗೆ ಹೆಜ್ಜೆಯ ಸಪ್ಪಳ. ಎದುರುಮನೆಯ ಕಾಕಾ, ಎಪ್ಪತ್ತು ದಾಟಿದ ಮರಾಠಿ ಗೃಹಸ್ಥರು, ದಿನವೂ ನಸುಕಿನಲ್ಲೇ ತಿರುಗಾಡಲು ಹೊರಡುವವರು. ಬಾಗಿಲ ಸಂದಿನಿಂದ ಅವರಿಗೂ ವಾಸನೆ ಬಡಿದಿರಬೇಕು. "ಕಾಯ್ ಝಾಲಂ?" ಎಂದು ಅವರ ದನಿ ಕೇಳಿತು. ನಮ್ಮ ಕರೆಗಂಟೆ ಅಡುಗೆಮನೆಗೆ ಹೋಗುವ ಓಣಿಯಲ್ಲಿ, ಬಾಗಿಲಿನ ಮೇಲೆಯೇ ಇದೆ. ನಾವು ಇಬ್ಬರೂ ಒಂದೇ ಉಸಿರಿಗೆ ಕೂಗಿದೆವು: "ಬೆಲ್ ಒತ್ತಬ್ಯಾಡ್ರಿ! ಬೆಲ್ ಒತ್ತಬ್ಯಾಡ್ರಿ!"

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾವು ಈ ನೆಲದಲ್ಲಿದ್ದೇವೆ. ತರಕಾರಿಯವನೊಡನೆ, ರಿಕ್ಷಾದವನೊಡನೆ, ಸೊಸೈಟಿಯ ಸಭೆಯಲ್ಲಿ ಮರಾಠಿಯನ್ನೇ ಆಡುತ್ತೇವೆ, ತಕ್ಕಮಟ್ಟಿಗೆ ಚೆನ್ನಾಗಿಯೇ ಆಡುತ್ತೇವೆ. ಆದರೆ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಧಾರವಾಡದ ಓಣಿಯ ಕನ್ನಡ. ಕಾಕಾ ಅವರಿಗೆ ನಮ್ಮ ಕೂಗಿನಲ್ಲಿ ಅರ್ಥವಾದದ್ದು ಒಂದೇ ಶಬ್ದ: ಬೆಲ್. ಗಾಬರಿಯಾದ ನೆರೆಯವರು ಬೆಲ್ ಒತ್ತಿರೆಂದು ಕೇಳುತ್ತಿದ್ದಾರೆಂದು ಭಾವಿಸಿ, ಪಾಪ, ಅವರು ಒತ್ತಿಯೇ ಬಿಟ್ಟರು. ಅದೂ ಎರಡು ಸಲ.

ಆ ಗಂಟೆಯ ಸದ್ದನ್ನು ನಾವು ಈ ಜನ್ಮದಲ್ಲಿ ಮರೆಯುವುದಿಲ್ಲ. ಅದು ಪೂರ್ತಿಯಾಗಿ ಮೊಳಗಿ ನಿಂತಿತು. ನಾವು ಇನ್ನೂ ಇದ್ದೆವು. ಬಾಗಿಲು ತೆರೆದು ಕಾಕಾ ಅವರನ್ನೂ ಕರೆದುಕೊಂಡು ಮೆಟ್ಟಿಲಿಳಿದು ಕೆಳಗೆ ಬಂದು 1906ಕ್ಕೆ ಫೋನು ಮಾಡಿದೆವು. ಬಂದ ಮೆಕಾನಿಕ್ ಬಿರುಕು ಬಿಟ್ಟ ರಬ್ಬರು ನಳಿಕೆಯನ್ನು ಬೆರಳಿನಿಂದ ಬಾಗಿಸಿ ತೋರಿಸಿದ. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ನಳಿಕೆ ನಮ್ಮ ಮನೆಯಲ್ಲಿ ಎಷ್ಟು ವರ್ಷದಿಂದ ಇತ್ತೆಂಬುದು ನಮಗೇ ನೆನಪಿರಲಿಲ್ಲ. "ನಸೀಬ್ ಅಚ್ಛಾ ಹೈ ಆಪ್ ಕಾ" ಎಂದಷ್ಟೇ ಹೇಳಿ ಅವನು ಹೋದ. ಅನಿಲ ಬಹುಶಃ ಇನ್ನೂ ನೆಲದ ಬಳಿಯೇ ಇತ್ತು. ಸ್ವಿಚ್ಚು ಎದೆಯೆತ್ತರದಲ್ಲಿ, ಗಂಟೆ ಅದಕ್ಕಿಂತ ಮೇಲೆ. ನಮ್ಮ ಜೀವ ಉಳಿಸಿದ್ದು ಆ ಕೆಲವು ಅಡಿಗಳ ಅಂತರವೇ ಹೊರತು ನಮ್ಮ ವಿದ್ಯೆಯಲ್ಲ.

ತಿಳಿದದ್ದು ಕೈಗೆ ಏಕೆ ಇಳಿಯುವುದಿಲ್ಲ? ಆ ಬೆಳಗಿನಿಂದ ನಮ್ಮನ್ನು ಕಾಡುತ್ತಿದ್ದ ಈ ಪ್ರಶ್ನೆಗೆ ಹುಡುಗಿಯ ಮೊಬೈಲಿನ ಆಟ ಒಂದು ದಾರಿ ತೋರಿಸಿತು. ಅಂಥ ಆಟಗಳನ್ನು ಯಾರು ಮಾಡುತ್ತಾರೆ, ಏಕೆ ಮಾಡುತ್ತಾರೆಂದು ಹುಡುಕುತ್ತಾ ಹೋದ ನಾವು ಇಟಲಿಯ ಈಶಾನ್ಯ ಮೂಲೆಯ ಊದಿನೆ ಎಂಬ ಊರಿಗೆ ಬಂದು ಮುಟ್ಟಿದೆವು. ಊದಿನೆ ಇರುವುದು ಫ್ರಿಯೂಲಿ ಸೀಮೆಯಲ್ಲಿ. 1976ರ ಮೇ 6ರ ರಾತ್ರಿ ಆ ಸೀಮೆಯಲ್ಲಿ ಭೂಮಿ ನಡುಗಿ ಸಾವಿರದ ಸಮೀಪ ಜನ ಸತ್ತರು. ಮರುನಿರ್ಮಾಣ ಮಾಡುವಾಗ ಅಲ್ಲಿಯ ಜನ ತಮಗೊಂದು ವಿಶ್ವವಿದ್ಯಾಲಯವೂ ಬೇಕೆಂದು ಹಟ ಹಿಡಿದರು; 1978ರಲ್ಲಿ ಅದು ಸ್ಥಾಪನೆಯಾಯಿತು. ಉರುಳಿದ ಮನೆಗಳ ಜೊತೆಯಲ್ಲಿ ವಿದ್ಯೆಯ ಮನೆಯನ್ನೂ ಕಟ್ಟಿಕೊಂಡ ಊರದು. ಅಲ್ಲಿ ಮಾನವ ಮತ್ತು ಕಂಪ್ಯೂಟರುಗಳ ನಡುವಿನ ಒಡನಾಟವನ್ನು ಅಭ್ಯಸಿಸುವ ಪ್ರಾಧ್ಯಾಪಕ ಲೂಕಾ ಕಿತ್ತಾರೊ, ತಮ್ಮ ಸಹೋದ್ಯೋಗಿ ಫಾಬಿಯೊ ಬುತ್ತುಸ್ಸಿಯವರೊಡನೆ ವರ್ಷಗಳಿಂದ ಇದೇ ಪ್ರಶ್ನೆಯನ್ನು ಹಿಡಿದು ಕೂತಿದ್ದಾರೆ. ಅವರು ಮಾಡುವುದು ಮನರಂಜನೆಯ ಆಟವಲ್ಲ, ಗಂಭೀರ ಆಟ. ವಿಮಾನ ಪ್ರಯಾಣಿಕರ ಸುರಕ್ಷತೆಯ ಕುರಿತಾದ ಅವರ ಸಂಶೋಧನೆಗೆ ಅಮೆರಿಕದ ವಿಮಾನಯಾನ ಆಡಳಿತದ ನೆರವೂ ದೊರೆತಿದೆ.

2015ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದ ವಿವರ ಓದಿದಾಗ ನಮ್ಮ ಬೆಳಗಿನ ಕಥೆಯನ್ನು ಬೇರೆ ಯಾರೋ ಬಿಡಿಸಿ ಹೇಳಿದಂತಾಯಿತು. ಒಂದು ಗುಂಪಿಗೆ ಆಸನದ ಮುಂದಿನ ಚೀಲದಲ್ಲಿ ಇಡುವಂಥ ಸುರಕ್ಷತಾ ಪತ್ರವನ್ನು ಓದಲು ಕೊಟ್ಟರು. ಇನ್ನೊಂದು ಗುಂಪಿಗೆ ಕಣ್ಣಿಗೆ ಕಟ್ಟುವ ಸಾಧನ ತೊಡಿಸಿ ಅಪಘಾತದ ಆಟ ಆಡಿಸಿದರು. ಕಲಿತ ಕೂಡಲೇ ಪರೀಕ್ಷಿಸಿದರು, ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿದರು. ಪತ್ರ ಓದಿದವರ ತಿಳಿವು ಆ ಒಂದು ವಾರದಲ್ಲೇ ಸೋರಿಹೋಗಿತ್ತು. ಆಟ ಆಡಿದವರ ತಿಳಿವು ಉಳಿದಿತ್ತು. ಆಡುವಾಗ ಅವರ ಮೈಯಲ್ಲಿ ಭಯದ ಗುರುತುಗಳೂ ಹೆಚ್ಚಾಗಿ ಕಂಡಿದ್ದವು. ತಪ್ಪು ಮಾಡಿದರೆ ಏನಾಗುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರೇ ತಪ್ಪು ಮಾಡಿ, ಅದರ ಫಲ ಉಂಡಿದ್ದರು. ನಮ್ಮ ಹುಡುಗಿ ಚಪ್ಪಾಳೆ ತಟ್ಟಿ "ಸತ್ತಿರಿ" ಎಂದಾಗ ನಮಗೂ ಆದದ್ದು ಅದೇ. ಇನ್ನು ಯಾವ ವಿಮಾನದಲ್ಲಿಯೂ ನಾವು ಒಳಗೆ ಕೂತು ಆ ದಾರ ಎಳೆಯಲಾರೆವು.

ಆ ಪ್ರಯೋಗಾಲಯದವರೇ 2018ರಲ್ಲಿ ಮತ್ತೊಂದು ಸಂಗತಿ ಕಂಡುಕೊಂಡರು. ಒಂದೇ ತರಬೇತಿಯ ಆಟವನ್ನು ಸಾಧಾರಣ ಕಂಪ್ಯೂಟರ್ ಪರದೆಯ ಮೇಲೂ, ತಲೆಗೆ ತೊಡುವ ಬೇರೆ ಬೇರೆ ದರ್ಜೆಯ ಸಾಧನಗಳಲ್ಲಿಯೂ ಆಡಿಸಿ ನೋಡಿದರು. ದುಬಾರಿ ಸಾಧನ ತೊಟ್ಟವರಿಗೆ ಅಲ್ಲಿಯೇ ಇದ್ದೇವೆಂಬ ಭಾವ ಹೆಚ್ಚು ಬಂದಿತ್ತು, ಆಸಕ್ತಿಯೂ ಹೆಚ್ಚಿತ್ತು. ಆದರೆ ಕಲಿತದ್ದರಲ್ಲಿ ಮತ್ತು ಎರಡು ವಾರದ ಮೇಲೆ ಉಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕಲಿಸುವುದು ಕನ್ನಡಕವಲ್ಲ, ತೀರ್ಮಾನ ಕೈಗೊಳ್ಳುವ ಗಳಿಗೆ ಎಂದು ನಾವು ಇದನ್ನು ಅರ್ಥಮಾಡಿಕೊಂಡೆವು. ನಮ್ಮಂಥ ಸಾಮಾನ್ಯರಿಗೆ ಇದೊಂದು ಶುಭವಾರ್ತೆ.

ಹಿಂದಿರುಗಿ ನೋಡಿದರೆ ಇದು ಹೊಸದೂ ಅಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ವಿಮಾನ ನಡೆಸುವುದನ್ನು ನೆಲದ ಮೇಲೆಯೇ ಕಲಿಸುವ ಒಂದು ಪೆಟ್ಟಿಗೆ ಕಟ್ಟಿದ. ಅವನ ಮನೆಯವರ ಕಸುಬು ಸಂಗೀತದ ಆರ್ಗನ್ ತಯಾರಿಕೆ. ಪೆಟ್ಟಿಗೆಯನ್ನು ಓಲಾಡಿಸಿದ್ದು ಆರ್ಗನ್ನಿನ ತಿದಿಗಳೇ. ಮೊದಮೊದಲು ಅದು ಜಾತ್ರೆಯ ಆಟದ ಸಾಮಾನಾಗಿಯೇ ಉಳಿಯಿತು. 1934ರಲ್ಲಿ ಟಪಾಲು ಹೊರುವ ಕೆಲಸ ಸೇನೆಯ ವಿಮಾನಗಳಿಗೆ ಬಿದ್ದಾಗ ಕೆಟ್ಟ ಹವೆಯಲ್ಲಿ ಹಾರಿ ಅಭ್ಯಾಸವಿಲ್ಲದ ಹಲವು ವೈಮಾನಿಕರು ಸತ್ತರು. ಆಗ ಸೇನೆ ಆ ಆಟದ ಪೆಟ್ಟಿಗೆಗಳನ್ನು ಕೊಂಡಿತು. 'ಗಂಭೀರ ಆಟಗಳು' ಎಂಬ ಹೆಸರಿನ ಪುಸ್ತಕವನ್ನು ಕ್ಲಾರ್ಕ್ ಆಬ್ಟ್ ಪ್ರಕಟಿಸಿದ್ದು 1970ರಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಸಿಡ್ಕೋ ಹುಟ್ಟಿತು, ನಾವಿರುವ ಈ ನವಿ ಮುಂಬಯಿಯ ಕಥೆಯೂ ಮೊದಲಾಯಿತು.

ಇನ್ನೂ ಹಿಂದೆ ಹೋದರೆ ನಮ್ಮ ಮನೆಯಲ್ಲೇ ಬೇರು ಸಿಗುತ್ತದೆ. ಪರಮಪದ ಸೋಪಾನದ ಪಟವನ್ನು ಬಲ್ಲವರಿಗೆ ಗೊತ್ತು: ಅದರ ಹಾವುಗಳಿಗೆ ದುರ್ಗುಣಗಳ ಹೆಸರು, ಏಣಿಗಳಿಗೆ ಸದ್ಗುಣಗಳ ಹೆಸರು. ಮಕ್ಕಳಿಗೆ ಕರ್ಮಫಲವನ್ನು ಉಪದೇಶಿಸುವ ಬದಲು ಮನೆಮನೆಯಿಂದ ಜಾರಿಸಿ ಏರಿಸಿ ತೋರಿಸುವ ಉಪಾಯವದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ, ಆಟಗಳನ್ನು ರಚಿಸುವುದರಲ್ಲಿ ಅಪಾರ ಶ್ರದ್ಧೆ ತೋರಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಮೀಸಲಾಗಿರುವುದು ಆಟಗಳಿಗೇ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಪಟಗಳನ್ನು ಕಂಡಾಗ ಇವು ಕಾಲಹರಣದ ವಸ್ತುಗಳೆಂದು ನಾವು ಎಣಿಸಿದ್ದೆವು. ಈಗ ಹಾಗೆ ಅನ್ನಿಸುವುದಿಲ್ಲ.

ಇವನ್ನೆಲ್ಲ ನಮ್ಮ ಕನ್ನಡ ಬಳಗದ ತಿಂಗಳ ಕೂಟದಲ್ಲಿ ಹೇಳಿದೆವು. ಮೂಲ್ಕಿಯ ಕಡೆಯ ಹಿರಿಯರೊಬ್ಬರು, ದುಬೈಯಲ್ಲಿ ಬಹುಕಾಲ ದುಡಿದು ಈಗ ಮಗನ ಮನೆಯಲ್ಲಿ ಖಾರ್ಘರದಲ್ಲಿರುವವರು, ಚಹಾದ ಲೋಟ ಕೆಳಗಿಟ್ಟು ಕೇಳಿದರು: "ಸಾವನ್ನು ಆಟ ಮಾಡುವುದುಂಟೇ ಮಾರಾಯ್ರೆ?" ಕೂಟ ಸುಮ್ಮನಾಯಿತು. ಅವರು ಏನನ್ನು ನೆನೆಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದ ಮೇಲಿನ ಓಡುಹಾದಿಯ ಕೊನೆ ದಾಟಿ ಕಣಿವೆಗೆ ಬಿದ್ದು ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಎಂಟು ಜನ ಬದುಕಿದರು. ಅವರಲ್ಲಿ ಕೆಲವರು ಒಡೆದ ವಿಮಾನದ ಸೀಳಿನಿಂದ ಹೊರಗೆ ಬಂದವರು. ಆ ಹಿರಿಯರ ಜೊತೆಯಲ್ಲಿ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದ ಗೆಳೆಯರೊಬ್ಬರು ಆ 158ರಲ್ಲಿದ್ದರು.

ನಾವು ಉತ್ತರ ಕೊಡಲು ತಡಕಾಡಿದೆವು. ಬಜಪೆಯ ಬೆಂಕಿಯಲ್ಲಿ ಯಾವ ಆಟವೂ ಹೆಚ್ಚು ಜನರನ್ನು ಉಳಿಸುತ್ತಿತ್ತೆಂದು ಹೇಳುವುದು ಸತ್ತವರಿಗೆ ಮಾಡುವ ಅವಮಾನ. ಆದರೆ ಎಲ್ಲ ಅಪಘಾತಗಳೂ ಹಾಗಿರುವುದಿಲ್ಲ. 1983ರಿಂದ 2000ದವರೆಗೆ ಅಮೆರಿಕದ ಪ್ರಯಾಣಿಕ ವಿಮಾನಗಳ ಅಪಘಾತಗಳನ್ನು ಅಲ್ಲಿಯ ಸಾರಿಗೆ ಸುರಕ್ಷತಾ ಮಂಡಲಿ ಎಣಿಸಿದಾಗ, ಒಳಗಿದ್ದವರಲ್ಲಿ ಶೇಕಡಾ 95.7ರಷ್ಟು ಮಂದಿ ಬದುಕಿ ಉಳಿದಿದ್ದರು. 2024ರ ಜನವರಿ 2ರಂದು ಟೋಕಿಯೋದ ಹನೇದಾ ನಿಲ್ದಾಣದಲ್ಲಿ ಉರಿಯುತ್ತಿದ್ದ ಪ್ರಯಾಣಿಕ ವಿಮಾನದಿಂದ 379 ಮಂದಿಯೂ ಹೊರಗೆ ಬಂದರು. ವಿಮಾನ ಬಿದ್ದರೆ ಎಲ್ಲ ಮುಗಿಯಿತೆಂದು ಕೈಚೆಲ್ಲುವ ನಮ್ಮ ಭಾವನೆಯೇ ಗಗನಸಖಿಯ ಮಾತಿಗೆ ಕಿವಿ ಮುಚ್ಚಿಸುವುದು. ಊದಿನೆಯವರು ಭಯವನ್ನಷ್ಟೇ ಹುಟ್ಟಿಸಿ ಬಿಡುವುದಿಲ್ಲ. ತಾನು ಮಾಡಬಲ್ಲೆನೆಂಬ ನಂಬಿಕೆ ಆಟ ಆಡಿದವನಲ್ಲಿ ಹೆಚ್ಚಿತೇ ಎಂದೂ ಅಳೆಯುತ್ತಾರೆ. ಬರಿಯ ಭಯ ಮನುಷ್ಯನನ್ನು ಕಲ್ಲಾಗಿಸುತ್ತದೆ. ಜೊತೆಗೆ ದಾರಿಯೂ ಕಂಡರೆ ಅವನು ನಡೆಯುತ್ತಾನೆ.

ಹಿರಿಯರು ಬಹಳ ಹೊತ್ತಿನ ಮೇಲೆ, "ಅಷ್ಟು ವರ್ಷ ಹೋಗಿ ಬಂದೆ. ಒಂದು ದಿನವೂ ಆ ಹುಡುಗಿಯರ ಕೈಸನ್ನೆ ನೋಡಿದವನಲ್ಲ ನಾನು. ಪೇಪರು ಓದುತ್ತಿದ್ದೆ" ಎಂದರು. ಅವರು ಒಪ್ಪಿದರೋ ಇಲ್ಲವೋ ನಮಗೆ ತಿಳಿಯಲಿಲ್ಲ. ಹೊರಡುವಾಗ ಮಾತ್ರ, "ನಿಮ್ಮ ಆಟ ಯಾವಾಗ, ಹೇಳಿ" ಎಂದು ಕೇಳಿದರು.

ಹೀಗೆ ನಾವೊಂದು ಆಟ ಕಟ್ಟಲೇಬೇಕಾಯಿತು. ಭಾನುವಾರ ಬೆಳಗ್ಗೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಸೊಸೈಟಿಯ ಹಾಲಿನಲ್ಲಿ, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮನೆ ಬರೆದೆವು: ಮಲಗುವ ಕೋಣೆ, ಓಣಿ, ಅಡುಗೆಮನೆ, ಬಾಗಿಲು. ಮೊದಲ ಸಲ ಪರಮಪದದ ಪಟವನ್ನೇ ಮಾದರಿಯಾಗಿಟ್ಟುಕೊಂಡು ಕವಡೆ ಹಾಕಿ ಆಡಿಸಿದೆವು. ಮಕ್ಕಳು ಖುಷಿಯಾಗಿ ಆಡಿದರು, ಕಲಿತದ್ದು ಏನೂ ಇಲ್ಲ. ತಪ್ಪು ಎಲ್ಲಿದೆಯೆಂದು ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು. ಪರಮಪದದಲ್ಲಿ ಹಾವಿನ ಬಾಯಿಗೆ ಬೀಳುವುದು ಕವಡೆಯ ಕೈಯಲ್ಲಿದೆ, ಆಡುವವನ ಕೈಯಲ್ಲಿಲ್ಲ. ಅಲ್ಲಿ ಕಲಿಸಬೇಕಾದದ್ದು ವಿಧಿಯನ್ನು. ಇಲ್ಲಿ ಕಲಿಸಬೇಕಾದದ್ದು ಕೈಯನ್ನು.

ಮುಂದಿನ ಭಾನುವಾರ ಕವಡೆ ತೆಗೆದೆವು. ಆಡುವವರ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿ, "ಬೆಳಗಿನ ಐದು ಗಂಟೆ, ವಾಸನೆ ಬರುತ್ತಿದೆ, ಎದ್ದೇಳಿ" ಎಂದೆವು. ಗೋಡೆಗೆ ಹಳೆಯ ಸ್ವಿಚ್ಚಿನ ಹಲಗೆಯೊಂದನ್ನು ಅಂಟಿಸಿದ್ದೆವು. ಅದನ್ನು ಮುಟ್ಟಿದರೆ ಉಳಿದ ಮಕ್ಕಳೆಲ್ಲ ತಟ್ಟೆ ಬಡಿಯಬೇಕು. ಆಟಕ್ಕೆ ಮೊದಲು ಎಲ್ಲರನ್ನೂ ಕೇಳಿದ್ದೆವು. "ಸ್ವಿಚ್ಚು ಮುಟ್ಟಬಾರದು" ಎಂದು ಮಕ್ಕಳು ರಾಗವಾಗಿ ಒಪ್ಪಿಸಿದ್ದರು. ಎದ್ದವರಲ್ಲಿ ಹೆಚ್ಚಿನವರ ಕೈ ನೇರವಾಗಿ ಹೋದದ್ದು ಆ ಹಲಗೆಗೇ. ದೊಡ್ಡವರದ್ದಂತೂ ಕೇಳುವುದೇ ಬೇಡ. ಸುರಕ್ಷತೆಯ ವಿಭಾಗದಲ್ಲೇ ಕೆಲಸ ಮಾಡುವ ಗೆಳೆಯರೊಬ್ಬರು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಹುಡುಕಿದರು, ವಾಸನೆ ಹೊರಗೆ ಹೋಗಲೆಂದು! ತಟ್ಟೆಗಳ ಸದ್ದಿಗೆ ಅವರು ಬೆಚ್ಚಿ ಕೈ ಹಿಂದೆಗೆದುಕೊಂಡ ರೀತಿಯನ್ನು ನೋಡಿ ಎಲ್ಲರೂ ನಕ್ಕರು. ಆದರೆ ಎರಡನೆಯ ಸುತ್ತಿನಲ್ಲಿ ಅವರ ಕೈ ಗೋಡೆಯ ಬಳಿ ಹೋಗಿ ತಡೆದು ನಿಂತಿತು. ಆ ತಡೆದ ಗಳಿಗೆಯೇ ನಮಗೆ ಬೇಕಾದದ್ದು.

ಕಾರ್ಖಾನೆಗಳಲ್ಲಿಯೂ ಕೊರತೆ ಬೀಳುವುದು ಈ ಗಳಿಗೆಯೇ ಇರಬೇಕು. ನಮ್ಮ ಮನೆಯಿಂದ ಲೋಕಲ್ ಗಾಡಿಯಲ್ಲಿ ಎರಡೇ ಸ್ಟೇಷನ್ ದೂರದ ಬೇಲಾಪುರದಲ್ಲಿ ರಾಷ್ಟ್ರೀಯ ಸುರಕ್ಷತಾ ಪರಿಷತ್ತಿನ ಕೇಂದ್ರ ಕಚೇರಿಯಿದೆ. 1966ರ ಮಾರ್ಚ್ 4ರಂದು ಅದು ಹುಟ್ಟಿದ ನೆನಪಿಗಾಗಿಯೇ ಆ ದಿನವನ್ನು ದೇಶವೆಲ್ಲ ಸುರಕ್ಷತಾ ದಿನವಾಗಿ ಆಚರಿಸುತ್ತದೆ. ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಅಧ್ಯಾಯವನ್ನು ಸೇರಿಸಿದರು. 1989ರ ನಿಯಮಗಳ ಪ್ರಕಾರ ಅಪಾಯಕಾರಿ ರಾಸಾಯನಿಕಗಳ ದೊಡ್ಡ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ತುರ್ತು ಸ್ಥಿತಿಯ ಅಣಕು ಕವಾಯತು ನಡೆಸಬೇಕು. ಅಣಕು ಕವಾಯತೆಂದರೆ ನಿಜವಾಗಿ ಒಂದು ಗಂಭೀರ ಆಟವೇ. ಆದರೆ ನಾವು ಪಾಲ್ಗೊಂಡ ಕವಾಯತುಗಳಲ್ಲಿ ಸೈರನ್ ಎಷ್ಟು ಗಂಟೆಗೆ ಕೂಗುತ್ತದೆಂದು ಮೊದಲೇ ಗೊತ್ತಿರುತ್ತಿತ್ತು; ಯಾರೂ ತಪ್ಪು ಮಾಡುತ್ತಿರಲಿಲ್ಲ, ಆದುದರಿಂದ ಯಾರೂ ಏನನ್ನೂ ಕಲಿಯುತ್ತಿರಲಿಲ್ಲ. ಡೊಂಬಿವಲಿಯ ಕಾರ್ಖಾನೆಗಳಲ್ಲಿ 2016ರ ಮೇ 26ರಂದು ಒಮ್ಮೆ, 2024ರ ಮೇ 23ರಂದು ಇನ್ನೊಮ್ಮೆ ಸ್ಫೋಟವಾದಾಗ ಸುತ್ತಲಿನ ಮನೆಗಳ ಕಿಟಕಿಯ ಗಾಜುಗಳು ಪುಡಿಯಾದವು. ಗಾಜಿನ ಆಚೆಗೆ ಕಾರ್ಖಾನೆ, ಈಚೆಗೆ ಅಡುಗೆಮನೆ. ನಮ್ಮ ಈ ಪಟ್ಟಿಯಲ್ಲಿ ಬದುಕುವವರಿಗೆ ಎರಡರ ನಡುವೆ ಹೆಚ್ಚು ದೂರವಿಲ್ಲ. ಪತ್ರ ಓದಿಸಿ ಸಹಿ ಪಡೆದರೆ ತರಬೇತಿ ಮುಗಿಯಿತೆಂದು ನಾವು ಭಾವಿಸಿದಷ್ಟು ಕಾಲ ಸಹಿಗಳು ಉಳಿಯುತ್ತವೆ, ತಿಳಿವು ಒಂದು ವಾರದಲ್ಲಿ ಸೋರುತ್ತದೆ.

ಆಟ ಇನ್ನೂ ಪೂರ್ತಿಯಾಗಿರಲಿಲ್ಲ. ನಮ್ಮ ಮನೆಯ ನಿಜವಾದ ಅಪಾಯವನ್ನು ನಾವು ಅದರೊಳಗೆ ತಂದಿರಲಿಲ್ಲ. ಮೂರನೆಯ ಭಾನುವಾರ ಒಂದು ಕವಡೆಯನ್ನು ಮಾತ್ರ ಹಿಂದಕ್ಕೆ ತಂದೆವು. ಅದು ನೆರೆಯವನ ಕವಡೆ. ಅದು ಬೋರಲು ಬಿದ್ದ ಗಳಿಗೆಯಲ್ಲಿ ಬಾಗಿಲಿಗೆ ಯಾರೋ ಬರುತ್ತಾರೆ. ಬರುವವರಿಗೆ ಕನ್ನಡ ಬಾರದು. ಒಳಗಿರುವವರು ಅವರನ್ನು ಕರೆಗಂಟೆಯಿಂದ ತಡೆಯಬೇಕು. ನೆರೆಯವನು ಯಾವಾಗ ಬರುತ್ತಾನೆಂಬುದು ವಿಧಿ. ಅವನಿಗೆ ಏನು ಕೂಗಬೇಕೆಂಬುದು ವಿದ್ಯೆ.

ಬಾಗಿಲಿಗೆ ಬರುವವರ ಪಾತ್ರಕ್ಕೆ ಎದುರುಮನೆಯ ಕಾಕಾ ಅವರನ್ನೇ ಕರೆದೆವು. ಆ ಬೆಳಗಿನ ಕೂಗಿನ ನಿಜವಾದ ಅರ್ಥವನ್ನು ಅಲ್ಲಿಯವರೆಗೆ ನಾವು ಅವರಿಗೆ ಹೇಳಿರಲಿಲ್ಲ. ನಮ್ಮನ್ನು ಉಳಿಸಲು ಬಂದವರಿಗೆ, ನೀವು ನಮ್ಮೆಲ್ಲರನ್ನೂ ಕೊಲ್ಲುತ್ತಿದ್ದಿರಿ ಎಂದು ಹೇಗೆ ಹೇಳುವುದು? ಆಟವನ್ನು ವಿವರಿಸುವ ನೆಪದಲ್ಲಿ ಹೇಳಿದೆವು. ಅವರು ಕೆಲಹೊತ್ತು ಮಾತಾಡಲಿಲ್ಲ. ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಂಡರು. ಆಮೇಲೆ ಮರಾಠಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ವರ್ಷ ಎದುರುಬದುರು ಇದ್ದೂ ನಿಮ್ಮ ಭಾಷೆಯಲ್ಲಿ 'ಬೇಡ' ಎನ್ನುವುದಕ್ಕೆ ಏನೆನ್ನುತ್ತಾರೆಂದು ನಾನು ಕೇಳಿಕೊಳ್ಳಲಿಲ್ಲವಲ್ಲ?" ನಮಗೆ ಕಣ್ಣು ತುಂಬಿತು. ಅವರ ಭಾಷೆಯ ನೆಲದಲ್ಲಿ ನಿಂತು ನಮ್ಮ ಭಾಷೆಯಲ್ಲಿ ಕೂಗಿದವರು ನಾವು. ತಪ್ಪನ್ನು ಅವರು ತಮ್ಮ ಪಾಲಿಗೆ ಎತ್ತಿಕೊಂಡರು.

ಅಂದು ಮಕ್ಕಳು ಎರಡು ವಾಕ್ಯಗಳನ್ನು ಗಟ್ಟಿಯಾಗಿ ಕೂಗಿ ಕಲಿತರು. ಒಂದು "ಬೆಲ್ ಒತ್ತಬ್ಯಾಡ್ರಿ", ಇನ್ನೊಂದು "ಬೆಲ್ ವಾಜವೂ ನಕಾ". ಆದರೆ ಗಾಬರಿಯಲ್ಲಿ ಬಾಯಿ ತಾಯಿನುಡಿಗೇ ಓಡುತ್ತದೆಂದು ಆಟವೇ ತೋರಿಸಿಕೊಟ್ಟಿತು. ಕಲಿತ ಮೇಲೂ ಹಲವರು ಕನ್ನಡದಲ್ಲೇ ಕೂಗಿದರು. ಕೊನೆಗೆ ಕಾಕಾ ಅವರೇ ಒಂದು ಉಪಾಯ ಹೇಳಿದರು. ಮಾತಿನಿಂದ 'ಬೆಲ್' ಎಂಬ ಶಬ್ದವನ್ನೇ ತೆಗೆಯಿರಿ. ಗಾಬರಿಯಾದವನ ಕಿವಿಗೆ ಬೀಳುವುದು ಪರಿಚಯದ ಶಬ್ದವೊಂದೇ. "ಗ್ಯಾಸ್! ಗ್ಯಾಸ್!" ಎಂದು ಕೂಗಿರಿ, ಅದು ಎಲ್ಲ ಭಾಷೆಯಲ್ಲೂ ಒಂದೇ. ವಿಜ್ಞಾನ ಕಲಿಸಿದವರಿಗೂ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದವರಿಗೂ ಹೊಳೆಯದ ಸಂಗತಿ, ಕೇಳಿಸಿಕೊಂಡವರಿಗೆ ಹೊಳೆದಿತ್ತು.

ಇದು ಏನು ಮಹಾ ಸಾಧನೆಯೆಂದು ನಾವು ಹೇಳುತ್ತಿಲ್ಲ. ಸೀಮೆಸುಣ್ಣದ ಮನೆಯನ್ನು ಮರುದಿನ ಸೊಸೈಟಿಯ ಕಸಬರಿಗೆ ಅಳಿಸಿತು. ಇನ್ನೊಂದು ಬೆಳಗ್ಗೆ ನಿದ್ದೆಗಣ್ಣಿನಲ್ಲಿ ನಮ್ಮ ಕೈ ತಡೆದು ನಿಲ್ಲುವುದೇ? ನಿಲ್ಲುತ್ತದೆಂದು ನಂಬಿದ್ದೇವೆ. ಹೊಸ ನಳಿಕೆ ಹಾಕಿಸಿದ ತಾರೀಕನ್ನು ಕ್ಯಾಲೆಂಡರಿನಿಂದ ಕ್ಯಾಲೆಂಡರಿಗೆ ಬರೆದುಕೊಂಡು ಬರುತ್ತಿದ್ದೇವೆ. ಮೂಲ್ಕಿಯ ಹಿರಿಯರು ಮೊನ್ನೆ ಮಂಗಳೂರಿಗೆ ವಿಮಾನದಲ್ಲಿ ಹೋದವರು ಅಲ್ಲಿಂದ ಫೋನು ಮಾಡಿ, "ನನ್ನ ಸೀಟಿನಿಂದ ಬಾಗಿಲಿಗೆ ಏಳು ಸಾಲು. ಎಣಿಸಿದೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಎದುರುಮನೆಯ ಕಾಕಾ ಅಂದಿನಿಂದ ನಮ್ಮ ಕರೆಗಂಟೆಯನ್ನು ಮುಟ್ಟಿಲ್ಲ. ಪೂಜೆಯ ಪ್ರಸಾದ ಕೊಡಲು ಬಂದರೂ, ಪೇಪರು ಕೇಳಲು ಬಂದರೂ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟುತ್ತಾರೆ, ಮೂರು ಸಲ. ಗಂಟೆಯೀಗ ಒತ್ತಬಹುದೆಂದು ನಾವು ಎಷ್ಟೋ ಸಲ ಹೇಳಿದ್ದೇವೆ. ಅವರು ನಕ್ಕು, ತಮಗೆ ಬರುವ ಒಂದೇ ಒಂದು ಕನ್ನಡ ಶಬ್ದವನ್ನು ಹೇಳುತ್ತಾರೆ: "ಬ್ಯಾಡ್ರಿ."